ಓಡಾಡುವ ವೈರಿನ ಲೆಕ್ಕ

ಮನೆ ಕಟ್ಟಿಸುವವರು ಬಾಗಿಲಿನ ಮರ ಆರಿಸಲು ನಾಲ್ಕು ಊರು ಸುತ್ತುತ್ತಾರೆ. ನೆಲದ ಕಲ್ಲಿನ ಬಣ್ಣಕ್ಕಾಗಿ ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಗೋಡೆಯೊಳಗೆ ಹುದುಗಿಹೋಗುವ ವೈರನ್ನು ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ತಂದುಬಿಡುತ್ತಾರೆ. ಮನೆಯಲ್ಲೇ ಸಿ.ಎನ್.ಸಿ. ಯಂತ್ರ ಕಟ್ಟಲು ಹೊರಡುವ ವಿದ್ಯಾರ್ಥಿಗಳು ಮಾಡುವುದೂ ಇದನ್ನೇ. ಮೋಟಾರು ಎಷ್ಟು ಬಲದ್ದು, ಸ್ಕ್ರೂ ಯಾವ ದೇಶದ್ದು, ಡ್ರೈವರ್ ಯಾವ ಮಾದರಿಯದು ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಕೊನೆಗೆ ಇವೆಲ್ಲವನ್ನೂ ಜೋಡಿಸಲು ಮನೆಯಲ್ಲಿ ಉಳಿದಿದ್ದ ಯಾವುದೋ ವೈರನ್ನು ಬಳಸುತ್ತಾರೆ.

ಸಿ.ಎನ್.ಸಿ. ಎಂದರೆ ಗಣಕ ಕೊಡುವ ಅಂಕಿಗಳ ಅಪ್ಪಣೆಯಂತೆ ತಾನೇ ಕೊರೆಯುವ, ಕೆತ್ತುವ ಯಂತ್ರ. ಇದರ ಪೂರ್ವಜನನ್ನು 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಪ್ರದರ್ಶಿಸಿತು. ರಂಧ್ರ ಕೊರೆದ ಪಟ್ಟಿಯಿಂದ ಅದು ಅಪ್ಪಣೆಗಳನ್ನು ಓದಿಕೊಳ್ಳುತ್ತಿತ್ತು. ಮರುವರ್ಷ, ಅಂದರೆ 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳು ಅಲ್ಲಿ ತಯಾರಾಗತೊಡಗಿದವು. ಆಗ ದೊಡ್ಡ ಕಾರ್ಖಾನೆಗಳಿಗಷ್ಟೇ ಸಾಧ್ಯವಿದ್ದ ಕೆಲಸ ಇಂದು ಮನೆಯ ಜಗುಲಿಗೆ ಬಂದಿದೆ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಪುಟ್ಟ ಫಲಕ ಮತ್ತು 2009ರಲ್ಲಿ ಬಂದ ಜಿ.ಆರ್.ಬಿ.ಎಲ್. ಎಂಬ ಉಚಿತ ತಂತ್ರಾಂಶ ಇದಕ್ಕೆ ದಾರಿ ಮಾಡಿಕೊಟ್ಟವು. ಈ ಯಂತ್ರದ ಕೈಕಾಲುಗಳೇ ಸ್ಟೆಪರ್ ಮೋಟಾರುಗಳು.

ಫ್ಯಾನಿನ ಮೋಟಾರು ವಿದ್ಯುತ್ ಕೊಟ್ಟೊಡನೆ ಗಿರ್ರನೆ ತಿರುಗುತ್ತದೆ. ಸ್ಟೆಪರ್ ಮೋಟಾರು ಹಾಗಲ್ಲ, ಅದು ಹೆಜ್ಜೆ ಎಣಿಸಿ ನಡೆಯುತ್ತದೆ. ಸಾಮಾನ್ಯವಾಗಿ ಬಳಸುವ ಮಾದರಿಯ ತಿರುಗುವ ಭಾಗದಲ್ಲಿ 50 ಹಲ್ಲುಗಳಿರುತ್ತವೆ. ಹೊರಭಾಗದಲ್ಲಿರುವ ಎರಡು ತಂತಿ ಸುರುಳಿಗಳಲ್ಲಿ ವಿದ್ಯುತ್ತಿನ ದಿಕ್ಕನ್ನು ಸರದಿಯಂತೆ ಬದಲಾಯಿಸಿದರೆ, ಒಂದು ಹಲ್ಲಿನಷ್ಟು ಸರಿಯಲು ನಾಲ್ಕು ಹೆಜ್ಜೆ ಬೇಕು. ಹೀಗೆ ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಯೊಂದಕ್ಕೆ 1.8 ಡಿಗ್ರಿ. ಸುತ್ತಿಗೆ 5 ಮಿಲಿಮೀಟರ್ ಮುಂದೆ ಹೋಗುವ ಸ್ಕ್ರೂವಿಗೆ ಇದನ್ನು ಜೋಡಿಸಿದರೆ ಒಂದು ಹೆಜ್ಜೆಗೆ ಯಂತ್ರ ಸರಿಯುವುದು ಮಿಲಿಮೀಟರಿನ 40ನೆಯ ಒಂದು ಭಾಗ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರ್ಖಾನೆಗಳ ದುಬಾರಿ ಯಂತ್ರ ಪ್ರತಿ ಚಲನೆಯಲ್ಲೂ ‘ತಲುಪಿದೆಯಾ?’ ಎಂದು ಮೋಟಾರನ್ನು ವಿಚಾರಿಸಿಕೊಳ್ಳುತ್ತದೆ. ಮನೆಯಲ್ಲಿ ಕಟ್ಟುವ ಯಂತ್ರದಲ್ಲಿ ಸಾಮಾನ್ಯವಾಗಿ ಆ ವಿಚಾರಣೆ ಇರುವುದಿಲ್ಲ. ‘400 ಹೆಜ್ಜೆ ಹೋಗು’ ಎಂದು ಅಪ್ಪಣೆ ಕೊಟ್ಟ ಮೇಲೆ, ಹೋಗಿಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಮುಂದಿನ ಅಪ್ಪಣೆ ಹೊರಡುತ್ತದೆ. ಆ ನಂಬಿಕೆಯನ್ನು ಹೊತ್ತು ಸಾಗುವುದು ನಾಲ್ಕು ವೈರುಗಳು. ನಡುವೆ ಅರೆಗಳಿಗೆ ಸಂಪರ್ಕ ತಪ್ಪಿದರೂ ಗಣಕಕ್ಕೆ ಅದು ತಿಳಿಯುವುದಿಲ್ಲ. ತಪ್ಪಿದ ಜಾಗದಿಂದಲೇ ಅದು ನಿಶ್ಚಿಂತೆಯಿಂದ ಕೆತ್ತನೆ ಮುಂದುವರಿಸುತ್ತದೆ.

ತುಮಕೂರು ಜಿಲ್ಲೆಯ ಊರೊಂದರಲ್ಲಿ ಡಿಪ್ಲೊಮಾ ಎರಡನೆಯ ವರ್ಷದ ಹುಡುಗನೊಬ್ಬ ಇಂಥ ಯಂತ್ರ ಕಟ್ಟಿದ. ತಂದೆ ಬಡಗಿ. ಬಾಗಿಲು, ಕಿಟಕಿ, ದೇವರ ಮಂಟಪಗಳ ಕೆತ್ತನೆಯಲ್ಲಿ ಕೈ ಪಳಗಿದವರು. ಆದರೆ ವಯಸ್ಸಾಗುತ್ತ ಬಂದಂತೆ ಉಳಿ ಹಿಡಿದ ಕೈ ಬೇಗ ಸೋಲುತ್ತಿತ್ತು. ಒರಟು ಕೆತ್ತನೆಯನ್ನಾದರೂ ಯಂತ್ರ ಮಾಡಿಕೊಟ್ಟರೆ ನಯಗೆಲಸವನ್ನು ಅಪ್ಪ ಮಾಡಬಹುದು ಎಂಬುದು ಮಗನ ಆಸೆ. ಮೂರು ಮೋಟಾರು, ಮೂರು ಡ್ರೈವರ್, 36 ವೋಲ್ಟಿನ ಪವರ್ ಸಪ್ಲೈ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು. ಮರದ ಚೌಕಟ್ಟನ್ನು ತಂದೆಯೇ ಕೂಡಿಸಿಕೊಟ್ಟರು. ಕೈಯಲ್ಲಿದ್ದ ಹಣ ಅಷ್ಟರಲ್ಲಿ ಮುಗಿದಿತ್ತು. ವೈರಿಗೆಂದು ಹುಡುಗ ಮನೆಯಲ್ಲೇ ಹುಡುಕಿದಾಗ, ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಕೇಬಲ್ಲಿನ ಸುರುಳಿಯೊಂದು ಸಿಕ್ಕಿತು.

ಹುಡುಗ ಕಣ್ಣು ಮುಚ್ಚಿಕೊಂಡು ಅದನ್ನು ಹಾಕಲಿಲ್ಲ, ಲೆಕ್ಕ ಹಾಕಿಯೇ ಹಾಕಿದ. ಹತ್ತನೆಯ ತರಗತಿಯ ಪಾಠವದು: ತಂತಿಯ ರೋಧ ಅದರ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಆ ಕೇಬಲ್ಲಿನ ಒಂದೊಂದು ತಾಮ್ರದ ತಂತಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್, ವಿಸ್ತೀರ್ಣ ಸುಮಾರು 0.2 ಚದರ ಮಿಲಿಮೀಟರ್. ಡ್ರೈವರಿನಿಂದ ಮೋಟಾರಿಗೆ 3 ಮೀಟರ್. ಹೋಗಿ ಬರಲು 6 ಮೀಟರ್. ರೋಧ ಸುಮಾರು ಅರ್ಧ ಓಮ್ ಬಂತು. ಮೋಟಾರಿನ ಪ್ರತಿ ಸುರುಳಿಗೆ ಬೇಕಾದದ್ದು 2.8 ಆಂಪಿಯರ್. ಹಾಗಾದರೆ ವೈರಿನಲ್ಲಿ ಕಳೆದುಹೋಗುವುದು ಸುಮಾರು 1.4 ವೋಲ್ಟ್, ವ್ಯರ್ಥವಾಗಿ ಬಿಸಿಯಾಗುವುದು ಸುಮಾರು 4 ವಾಟ್. 36 ವೋಲ್ಟಿನಲ್ಲಿ 1.4 ಹೋದರೆ ಏನಂತೆ ಎಂದುಕೊಂಡ.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಇಂದಿನ ಸ್ಟೆಪರ್ ಡ್ರೈವರುಗಳು ಸುರುಳಿಗೆ ಹೋಗುವ ವೋಲ್ಟೇಜನ್ನು ಸೆಕೆಂಡಿಗೆ ಸಾವಿರಾರು ಬಾರಿ ಕೊಟ್ಟು, ತಡೆದು, ವಿದ್ಯುತ್ ಪ್ರವಾಹವನ್ನು ನಿಗದಿ ಮಾಡಿದ ಮಟ್ಟದಲ್ಲಿ ಹಿಡಿದಿಡುತ್ತವೆ. ವೈರಿನ ರೋಧ ಸ್ವಲ್ಪ ಹೆಚ್ಚಾದರೆ ಡ್ರೈವರ್ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಆದ್ದರಿಂದ ‘ವೈರು ದಪ್ಪವಾದಷ್ಟೂ ಮೋಟಾರಿಗೆ ಬಲ’ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ತೀರ ತೆಳುವಾದರೆ ವೈರು ಬಿಸಿಯಾಗುತ್ತದೆ, ವೇಗವಾಗಿ ತಿರುಗುವಾಗ ಬಲ ಸ್ವಲ್ಪ ಕುಂದುತ್ತದೆ, ಅಷ್ಟೇ.

ಯಂತ್ರ ಚೆನ್ನಾಗಿಯೇ ಓಡಿತು. ಹುಡುಗ ಪ್ಲೈವುಡ್ಡಿನ ಚೂರುಗಳ ಮೇಲೆ ಹೂವು ಬಳ್ಳಿ ಕೆತ್ತಿದ. ಅಕ್ಕಪಕ್ಕದವರು ಬಂದು ನೋಡಿ ಹೋದರು. ಎರಡು ತಿಂಗಳಾದ ಮೇಲೆ, ಊರಿನ ಒಬ್ಬರ ದೇವರ ಕೋಣೆಯ ಬಾಗಿಲಿಗೆಂದು ತಂದ ತೇಗದ ಹಲಗೆಯನ್ನು ತಂದೆ ಧೈರ್ಯ ಮಾಡಿ ಯಂತ್ರದ ಮೇಲಿಟ್ಟರು. ಗೃಹಪ್ರವೇಶಕ್ಕೆ ಹತ್ತು ದಿನ ಉಳಿದಿತ್ತು. ಮುಕ್ಕಾಲು ಕೆತ್ತನೆ ಮುಗಿಯುವ ಹೊತ್ತಿಗೆ ಬಳ್ಳಿಯ ಮೇಲಿನ ಅಂಚು ಬಲಕ್ಕೆ ಸುಮಾರು 3 ಮಿಲಿಮೀಟರ್ ಸರಿದುಹೋಗಿತ್ತು. ಹೂವು ಒಂದು ಕಡೆ, ತೊಟ್ಟು ಒಂದು ಕಡೆ. ಹಲಗೆ ಕೆಟ್ಟಿತು.

ತಂದೆ ಬೈಯಲಿಲ್ಲ. ಬೈದಿದ್ದರೇ ಸುಲಭವಿತ್ತು ಎಂದು ಹುಡುಗನಿಗೆ ಅನ್ನಿಸಿತು. ಅವನು ಮೊದಲು ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಿದ. ಸರಿಹೋಗಲಿಲ್ಲ. ಸ್ಕ್ರೂವಿನ ಜೋಡಣೆ ಬಿಗಿ ಮಾಡಿದ. ಸರಿಹೋಗಲಿಲ್ಲ. ಕೊನೆಗೆ ಸ್ನೇಹಿತನಿಂದ ಸಾಲ ಮಾಡಿ ಹೊಸ ಮೋಟಾರನ್ನೇ ತಂದು ಹಾಕಿದ. ಒಂದು ಗಂಟೆ ಚೆನ್ನಾಗಿ ಓಡಿ, ಮತ್ತೆ ಜಾರಿತು.

ಗುಟ್ಟು ಬಿಟ್ಟುಕೊಟ್ಟದ್ದು ಕೆಟ್ಟ ಹಲಗೆಯೇ. ತಂದೆ ಅದನ್ನು ಬೆಳಕಿಗೆ ಹಿಡಿದು ಬೆರಳಾಡಿಸಿ ನೋಡಿದರು. ಮರದಲ್ಲಿ ಗಂಟು ಎಲ್ಲಿದೆ ಎಂದು ಹುಡುಕುವ ಅಭ್ಯಾಸ ಅದು. ‘ನೋಡೋ, ಜಾರಿರೋದೆಲ್ಲ ಬಲಗಡೆ ಕೊನೆಗೆ ಹೋದಾಗ್ಲೇ. ಎಡಗಡೆ ಒಂದು ಕಡೇನೂ ಇಲ್ಲ’ ಎಂದರು. ಮೋಟಾರು ಕೆಟ್ಟಿದ್ದರೆ ಎಲ್ಲ ಕಡೆಯೂ ಜಾರಬೇಕಿತ್ತು. ಒಂದೇ ಜಾಗದಲ್ಲಿ ಜಾರುತ್ತಿದೆ ಎಂದರೆ, ಆ ಜಾಗಕ್ಕೆ ಹೋದಾಗ ಬದಲಾಗುವಂಥದ್ದು ಏನಿದೆ ಎಂದು ಕೇಳಬೇಕು. ಬದಲಾಗುತ್ತಿದ್ದದ್ದು ವೈರಿನ ಬಾಗು.

ಹುಡುಗ ವಿದ್ಯುತ್ ಆರಿಸಿ, ವೈರನ್ನು ಡ್ರೈವರಿನಿಂದ ಬಿಚ್ಚಿ, ಒಂದು ಸುರುಳಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದ. ಮೋಟಾರಿನ ಸುರುಳಿ ಒಂದು ಓಮ್, ವೈರು ಅರ್ಧ ಓಮ್. ಮೀಟರು ಒಂದೂವರೆಯ ಆಸುಪಾಸು ತೋರಿಸಿತು. ತಂದೆ ಯಂತ್ರದ ತೋಳನ್ನು ಗೇಣುಗೇಣಾಗಿ ಬಲಕ್ಕೆ ಸರಿಸಿ ಪ್ರತಿ ಸಲವೂ ನಿಲ್ಲಿಸಿದರು. ನಿಲ್ಲಿಸಲೇಬೇಕು, ಕೈಯಿಂದ ತಿರುಗುವಾಗ ಸ್ಟೆಪರ್ ಮೋಟಾರು ತಾನೇ ಜನರೇಟರ್ ಆಗಿ ಮೀಟರಿನ ಓದನ್ನು ಕೆಡಿಸುತ್ತದೆ. ನಾಲ್ಕನೆಯ ಗೇಣಿನಲ್ಲಿ ಅಂಕಿ ಮಾಯವಾಯಿತು, ಮಂಡಲ ಕಡಿದಿತ್ತು. ಸ್ವಲ್ಪ ಹಿಂದೆ ತಂದರೆ ಮತ್ತೆ ಒಂದೂವರೆ. ಹೊರಗಿನ ಪ್ಲಾಸ್ಟಿಕ್ ಸಿಪ್ಪೆಗೆ ಏನೂ ಆಗಿರಲಿಲ್ಲ. ಒಳಗೆ ತಾಮ್ರ ತುಂಡಾಗಿ, ಎರಡು ತುದಿಗಳು ಒಮ್ಮೆ ತಾಗುತ್ತ ಒಮ್ಮೆ ಬಿಡುತ್ತ ಇದ್ದವು. ತಂದೆ ಆ ಜಾಗದ ಸಿಪ್ಪೆ ಸುಲಿದು ನೋಡಿ ಹೇಳಿದರು: ‘ಇದು ಕಂಬಿ ಕಣೋ. ದಿನಾ ಬಗ್ಗೋ ಕಡೆಗೆ ಹಗ್ಗ ಹಾಕಬೇಕು.’

ಬಡಗಿಯ ಆ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ಒಂದು ತಂತಿಯನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ: ತಂತಿಯ ದಪ್ಪವನ್ನು ಬಾಗಿನ ವೃತ್ತದ ವ್ಯಾಸದಿಂದ ಭಾಗಿಸಿದರೆ ಸಾಕು. ಅರ್ಧ ಮಿಲಿಮೀಟರ್ ತಂತಿ 50 ಮಿಲಿಮೀಟರ್ ವ್ಯಾಸದಲ್ಲಿ ಬಾಗಿದರೆ ಹೊರಮೈ ನೂರಕ್ಕೆ ಒಂದರಷ್ಟು ಹಿಗ್ಗುತ್ತದೆ. ಅದೇ ಬಾಗಿನಲ್ಲಿ 0.2 ಮಿಲಿಮೀಟರಿನ ಎಳೆ ಹಿಗ್ಗುವುದು ಸಾವಿರಕ್ಕೆ ನಾಲ್ಕರಷ್ಟು, 0.1 ಮಿಲಿಮೀಟರಿನ ಎಳೆ ಸಾವಿರಕ್ಕೆ ಎರಡರಷ್ಟು ಮಾತ್ರ. ಒಮ್ಮೆ ಬಾಗಿದರೆ ಏನೂ ಆಗದು. ಆದರೆ ಯಂತ್ರದ ತೋಳು ನಿಮಿಷಕ್ಕೆ 10 ಬಾರಿ ಹೋಗಿ ಬಂದರೂ ಗಂಟೆಗೆ 600 ಬಾಗು, ಎಂಟು ಗಂಟೆಯ ದಿನಕ್ಕೆ 4,800 ಬಾಗು. ಕಂಬಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದು ಮಕ್ಕಳಿಗೆಲ್ಲ ಗೊತ್ತು. ಯಂತ್ರ ಮಾಡಿದ್ದೂ ಅದನ್ನೇ, ತಾಳ್ಮೆಯಿಂದ.

ನೆಟ್‌ವರ್ಕ್ ಕೇಬಲ್ಲಿನ ತಪ್ಪು ಇದರಲ್ಲಿ ಏನೂ ಇಲ್ಲ. ಗೋಡೆಯ ಮೇಲೆ ಅಲುಗದೆ ಇರಲೆಂದೇ ಅದನ್ನು ಒಂಟಿ ತಂತಿಯಲ್ಲಿ ಮಾಡಿರುತ್ತಾರೆ. ಅಲುಗದ ಜಾಗದ ವೈರನ್ನು ಅಲುಗುವ ಜಾಗಕ್ಕೆ ಹಾಕಿದ್ದೇ ದೋಷ. ಹೊಸ ವೈರು ಆರಿಸುವಾಗ ಹುಡುಗ ಎರಡು ಲೆಕ್ಕ ಮಾಡಿದ. ಮೊದಲನೆಯದು ಪ್ರವಾಹದ ಲೆಕ್ಕ: 0.75 ಚದರ ಮಿಲಿಮೀಟರಿನ ವೈರಿನಲ್ಲಿ 6 ಮೀಟರಿಗೆ ರೋಧ ಸುಮಾರು 0.14 ಓಮ್, ನಷ್ಟ ಸುಮಾರು 1 ವಾಟ್. ಎರಡನೆಯದು ಬಾಗಿನ ಲೆಕ್ಕ: ಅದೇ 0.75ರ ವೈರು ಒಂಟಿ ತಂತಿಯಲ್ಲೂ ಸಿಗುತ್ತದೆ, 0.2 ಮಿಲಿಮೀಟರಿನ 24 ಎಳೆಗಳಲ್ಲೂ ಸಿಗುತ್ತದೆ, ಇನ್ನೂ ನವಿರಾದ ಎಳೆಗಳಲ್ಲೂ ಸಿಗುತ್ತದೆ. ರೋಧ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ, ಆಯುಸ್ಸು ಮಾತ್ರ ಬೇರೆ ಬೇರೆ. ಸದಾ ಚಲಿಸುವ ಜಾಗಕ್ಕೆಂದೇ ತಯಾರಾದ ನವಿರು ಎಳೆಯ ನಾಲ್ಕು ಕೋರಿನ ಕೇಬಲ್ಲನ್ನು ಅವನು ಕೊಂಡ. ಬೆಲೆ ಹೆಚ್ಚಾಯಿತು, ಆದರೂ ಸುಮ್ಮನೆ ಕೊಂಡ ಮೋಟಾರಿಗಿಂತ ಕಡಿಮೆಯೇ.

ಇಂಥ ಯಂತ್ರ ಕಟ್ಟುವ ವಿದ್ಯಾರ್ಥಿಗಳು ಇನ್ನೂ ಕೆಲವು ಸಂಗತಿಗಳನ್ನು ನೆನಪಿಡಬೇಕು.

ಮೋಟಾರಿನಿಂದ ಬರುವ ನಾಲ್ಕು ವೈರುಗಳಲ್ಲಿ ಯಾವೆರಡು ಒಂದೇ ಸುರುಳಿಯವು ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸಬಾರದು. ಕಂಪೆನಿಯಿಂದ ಕಂಪೆನಿಗೆ ಬಣ್ಣ ಬದಲಾಗುತ್ತದೆ. ಮೀಟರ್ ಇಲ್ಲದಿದ್ದರೂ ಪತ್ತೆ ಹಚ್ಚಬಹುದು. ಮೋಟಾರನ್ನು ಯಾವುದಕ್ಕೂ ಜೋಡಿಸದೆ, ಯಾವುದಾದರೂ ಎರಡು ವೈರಿನ ತುದಿಗಳನ್ನು ಒಂದಕ್ಕೊಂದು ತಾಗಿಸಿ ದಂಡವನ್ನು ಬೆರಳಿನಿಂದ ತಿರುಗಿಸಿ. ಅವು ಒಂದೇ ಸುರುಳಿಯವಾದರೆ ದಂಡ ಬಿಗಿಯಾಗಿ ತಡೆಯೊಡ್ಡುತ್ತದೆ. ತಿರುಗಿಸಿದಾಗ ಹುಟ್ಟಿದ ವಿದ್ಯುತ್ತೇ ತಿರುಗುವಿಕೆಯನ್ನು ವಿರೋಧಿಸುತ್ತದೆ. ಪಿ.ಯು.ಸಿ. ಪುಸ್ತಕದಲ್ಲಿ ಲೆನ್ಜ್ ನಿಯಮ ಎಂದು ಬಾಯಿಪಾಠ ಮಾಡುವುದು ಇಲ್ಲಿ ಬೆರಳಿಗೇ ತಿಳಿಯುತ್ತದೆ.

ಮಿಕ್ಸಿ ತಿರುಗಿದಾಗ ರೇಡಿಯೊ ಕರಕರ ಎನ್ನುವುದನ್ನು ಕೇಳಿದವರಿದ್ದಾರೆ. ಮೋಟಾರಿನ ವೈರುಗಳಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ಏರಿಳಿಯುವ ವಿದ್ಯುತ್ತು ಪಕ್ಕದ ವೈರುಗಳಿಗೂ ಅಂಥದೇ ಕಿರಿಕಿರಿ ಕೊಡುತ್ತದೆ. ಯಂತ್ರದ ಎಲ್ಲೆ ತಿಳಿಸುವ ಲಿಮಿಟ್ ಸ್ವಿಚ್ಚಿನ ವೈರು ಇದರ ಜೊತೆಯಲ್ಲೇ ಸಾಗಿದರೆ, ಯಾರೂ ಮುಟ್ಟದಿದ್ದರೂ ಯಂತ್ರ ತಟ್ಟನೆ ನಿಂತುಬಿಡಬಹುದು. ಆದ್ದರಿಂದ ಎರಡನ್ನೂ ದೂರ ಇಡಬೇಕು. ಒಂದೇ ಸುರುಳಿಯ ಎರಡು ವೈರುಗಳನ್ನು ಹುರಿ ಮಾಡಿ ಒಯ್ದರೆ ಕಿರಿಕಿರಿ ಕಡಿಮೆಯಾಗುತ್ತದೆ. ಲೋಹದ ಜಾಲರಿಯ ಹೊದಿಕೆ ಇರುವ ಕೇಬಲ್ ಇನ್ನೂ ಒಳ್ಳೆಯದು. ಆ ಜಾಲರಿಯನ್ನು ಡ್ರೈವರ್ ಇರುವ ತುದಿಯಲ್ಲಿ ಮಾತ್ರ ಅರ್ತ್‌ಗೆ ಸೇರಿಸುವುದು ರೂಢಿ.

ವೈರಿನ ತುದಿಗಳ ಬಗ್ಗೆಯೂ ಎಚ್ಚರ ಬೇಕು. ಎಳೆಗಳಿಗೆ ಬೆಸುಗೆ ಹಾಕಿ ಸ್ಕ್ರೂವಿನ ಕೆಳಗೆ ಬಿಗಿದರೆ ನೋಡಲು ಅಚ್ಚುಕಟ್ಟು. ಆದರೆ ಮೆತ್ತನೆಯ ಬೆಸುಗೆ ಒತ್ತಡಕ್ಕೆ ನಿಧಾನವಾಗಿ ಹರಡಿಕೊಂಡು, ದಿನ ಕಳೆದಂತೆ ಜೋಡಣೆ ಸಡಿಲವಾಗುತ್ತದೆ. ತುದಿಗೆ ತಾಮ್ರದ ಪುಟ್ಟ ಕೊಳವೆ ತೊಡಿಸಿ ಒತ್ತಿ ಬಿಗಿಯುವುದು ಸರಿಯಾದ ಕ್ರಮ. ಕೇಬಲ್ಲನ್ನು ಎರಡೂ ತುದಿಗಳಲ್ಲಿ ಚೌಕಟ್ಟಿಗೆ ಕಟ್ಟಬೇಕು, ಎಳೆತ ಜೋಡಣೆಯ ಮೇಲೆ ಬೀಳಬಾರದು. ವಿದ್ಯುತ್ ಇರುವಾಗ ಮೋಟಾರಿನ ವೈರನ್ನು ಎಂದೂ ಕೀಳಬಾರದು. ಸುರುಳಿಯಲ್ಲಿ ಹರಿಯುತ್ತಿದ್ದ ಪ್ರವಾಹ ಒಮ್ಮೆಲೇ ಕಡಿದಾಗ ಏಳುವ ವೋಲ್ಟೇಜು ಡ್ರೈವರನ್ನು ಸುಟ್ಟುಹಾಕಬಲ್ಲದು. ಒಳಗೊಳಗೇ ತುಂಡಾದ ವೈರು ಮಾಡುವುದೂ ಇದನ್ನೇ. ಹುಡುಗನ ಡ್ರೈವರ್ ಉಳಿದದ್ದು ಅದೃಷ್ಟ.

ಅಂಗಡಿಯಲ್ಲಿ ಬೆಲೆ ತೀರ ಕಡಿಮೆ ಎನಿಸಿದರೆ ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಹೊರಗೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಮ್. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿನಷ್ಟು ಹೆಚ್ಚು, ಬಾಗುವಿಕೆಯನ್ನೂ ಅದು ಅಷ್ಟು ತಾಳುವುದಿಲ್ಲ. ಕಾಸಿಗೆ ತಕ್ಕ ಕಜ್ಜಾಯ. ಇನ್ನು ಪವರ್ ಸಪ್ಲೈಗೆ 230 ವೋಲ್ಟ್ ಹೋಗುವ ಕಡೆಯ ಕೆಲಸವನ್ನು ಮಕ್ಕಳು ಒಬ್ಬರೇ ಮಾಡಬಾರದು. ತಿಳಿದ ದೊಡ್ಡವರು ಪಕ್ಕದಲ್ಲಿರಬೇಕು, ಯಂತ್ರದ ಲೋಹದ ಮೈಗೆ ಅರ್ತ್ ಕೊಟ್ಟಿರಲೇಬೇಕು.

ಗೃಹಪ್ರವೇಶದ ಬಾಗಿಲನ್ನು ತಂದೆ ಕೊನೆಗೆ ಕೈಯಿಂದಲೇ ಕೆತ್ತಿ ಮುಗಿಸಿದರು. ಆ ತೇಗದ ಹಲಗೆಯ ನಷ್ಟ ಮನೆಗೆ ಬಿತ್ತು. ಮಗ ಓದು ಬಿಟ್ಟು ಹಣ ಹಾಳು ಮಾಡಿದ ಎಂದು ನೆಂಟರು ಆಡಿಕೊಂಡದ್ದೂ ಉಂಟು. ಹಾಗೆ ಆಡಿಕೊಳ್ಳುವುದು ಸುಲಭ. ಆದರೆ ಆ ಹುಡುಗ ಕಲಿತದ್ದನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಪರೀಕ್ಷೆಯ ಪ್ರಶ್ನೆಯಲ್ಲಿ ತಂತಿಯ ಉದ್ದ, ದಪ್ಪ, ರೋಧಶೀಲತೆ ಮೂರನ್ನೂ ಕೊಟ್ಟಿರುತ್ತಾರೆ. ತಂತಿ ಅಲುಗುತ್ತದೆಯೇ, ಎಷ್ಟು ಬಾರಿ ಬಾಗುತ್ತದೆ, ಪಕ್ಕದಲ್ಲಿ ಏನಿದೆ ಎಂದು ಹೇಳಿರುವುದಿಲ್ಲ. ಲೆಕ್ಕ ತಪ್ಪದಿದ್ದರೂ ಉತ್ತರ ತಪ್ಪಬಹುದು. ಕೇಳಬೇಕಾದ ಪ್ರಶ್ನೆಯೊಂದನ್ನು ಕೇಳದೆ ಬಿಟ್ಟಿದ್ದರೆ ಹಾಗಾಗುತ್ತದೆ. ಆ ಪ್ರಶ್ನೆಯನ್ನು ಹುಡುಕಿಕೊಳ್ಳುವುದೇ ಯಂತ್ರ ಕಟ್ಟುವವರ ವಿದ್ಯೆ.

ತಂದೆತಾಯಿಯರಿಗೆ ಸ್ಟೆಪರ್ ಮೋಟಾರು, ಡ್ರೈವರುಗಳ ವಿಚಾರ ತಿಳಿದಿರಬೇಕೆಂದೇನಿಲ್ಲ. ಆ ಬಡಗಿಗೂ ತಿಳಿದಿರಲಿಲ್ಲ. ಕೆಟ್ಟ ಹಲಗೆಯನ್ನು ಮೂಲೆಗೆ ಎಸೆಯದೆ, ಎಲ್ಲಿ ಕೆಟ್ಟಿದೆ ಎಂದು ಮಗನ ಪಕ್ಕದಲ್ಲಿ ಕುಳಿತು ನೋಡುವಷ್ಟು ಸಮಾಧಾನ ಅವರಲ್ಲಿತ್ತು. ಮನೆಯ ಮಕ್ಕಳು ಏನನ್ನಾದರೂ ಕಟ್ಟಿ ಅದು ಓಡದೆ ನಿಂತಾಗ ‘ಎಷ್ಟು ಖರ್ಚಾಯಿತು?’ ಎಂಬ ಪ್ರಶ್ನೆ ಹೇಗೂ ಬರುತ್ತದೆ. ಅದಕ್ಕೆ ಮೊದಲು ‘ಎಲ್ಲಿ ನಿಂತಿತು, ತೋರಿಸು’ ಎಂದು ಕೇಳಿದರೆ, ಮೀಟರ್ ಹಿಡಿಯುವ ಕೈಗೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಬೇಕಾಗಿಲ್ಲ.